ಹತ್ತು ಸೆಕೆಂಡಿಗೊಂದು ಪುಟ

ಮೊನ್ನೆ ಒಂದು ಮದುವೆ ಕಾರ್ಡಿನ ಪ್ರೂಫ್ ತೋರಿಸಲು ಸಾಂತಾಕ್ರೂಜಿಗೆ ಹೋಗಿದ್ದೆ. ಗಿರಾಕಿಯ ಮನೆಯಿಂದ ಸ್ಟೇಶನ್ನಿಗೆ ಮರಳುವಾಗ ಮಳೆ ಹಿಡಿಯಿತು. ಒಂದು ಅಂಗಡಿಯ ತಗಡಿನ ಕೆಳಗೆ ನಿಂತೆ. ಒಳಗೆ ಯಾರೋ ಕಾಫಿ ಬೀಜ ಪುಡಿ ಮಾಡಿಸುತ್ತಿದ್ದರು. ಬಿಸಿ ಪುಡಿಯ ವಾಸನೆ, ಅದರೊಳಗೆ ಸೇರಿಕೊಂಡ ಒದ್ದೆ ಸಿಮೆಂಟಿನ ವಾಸನೆ. ತಲೆ ಎತ್ತಿದರೆ ಎದುರಿಗೆ ನೀಲಿ ತಗಡಿನ ಬೇಲಿ, ಅದರ ಹಿಂದೆ ಅರ್ಧ ಎದ್ದ ಕಟ್ಟಡ. ಗೇಟಿನ ಪಕ್ಕದ ಗುಲ್‌ಮೊಹರ್ ಮರ ಮಾತ್ರ ಹಳೆಯದು. ನಾನು ನಿಂತಿದ್ದದ್ದು ಅನಂತಯ್ಯನವರ ಬಿಲ್ಡಿಂಗಿನ ಎದುರು ಎಂಬುದು ಆ ಮರ ನೋಡಿದ ಮೇಲೆ ಗೊತ್ತಾಯಿತು. ಅವರ ಎರಡನೇ ಮಹಡಿಯ ಕಿಟಕಿ ಇದ್ದ ಜಾಗದಲ್ಲಿ ಈಗ ಕಬ್ಬಿಣದ ಸರಳುಗಳು, ಸರಳುಗಳ ನಡುವೆ ಮಳೆ.

ನಾನು ವ್ಯಾಪಾರಸ್ಥ. ವಿಜಯಪುರದ ಕಡೆಯವನು. ಹತ್ತೊಂಬತ್ತನೇ ವಯಸ್ಸಿಗೆ ಮುಂಬಯಿಗೆ ಬಂದು, ಗ್ರಾಂಟ್ ರೋಡಿನ ಒಂದು ಪ್ರೆಸ್ಸಿನಲ್ಲಿ ಕಾಗದದ ಬಂಡಲ್ಲುಗಳ ಮೇಲೆ ಮಲಗಿ ಕೆಲಸ ಕಲಿತು, ಅದೇ ಗಲ್ಲಿಯಲ್ಲಿ ಸ್ವಂತ ಡಿಟಿಪಿ ಅಂಗಡಿ ಹಾಕಿದವನು. ಮದುವೆ ಕಾರ್ಡು, ವಿಸಿಟಿಂಗ್ ಕಾರ್ಡು, ಸಂಘಗಳ ಸ್ಮರಣ ಸಂಚಿಕೆ. ಮಲ್ಲೂ ಶೇಠ್ ಎಂದರೆ ಗಲ್ಲಿಯಲ್ಲಿ ಗೊತ್ತು. ಚೌಕಾಸಿ ಮಾಡದೆ ಕೊತ್ತಂಬರಿಯ ಸೂಡನ್ನೂ ಕೊಂಡವನಲ್ಲ. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವ ಚಟವೂ ಇದೆ. ಈ ಬರಹದಲ್ಲೂ ಅದು ಅಲ್ಲಲ್ಲಿ ಇಣುಕಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಂಥ ನಾನು ಮೂರು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ, ಜೂನಿನಿಂದ ಗಣಪತಿ ಹಬ್ಬದವರೆಗೆ, ಪ್ರತಿ ಶನಿವಾರ ಮಧ್ಯಾಹ್ನ ಅಂಗಡಿಯ ಶಟರ್ ಎಳೆದೆ. ಒಂದು ಪೈಸೆಯ ಲಾಭವಿಲ್ಲದ ಕೆಲಸಕ್ಕೆ.

ಕಾರಣ ಪ್ರಾಚಿ. ನನ್ನ ತಂಗಿಯ ಮಗಳು. ಚೆಂಬೂರಿನಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಮಾತಾಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿ ಹತ್ತಿಕೊಳ್ಳುತ್ತದೆ, ಓದು ಎಂದರೆ ಒಂದನೇ ತರಗತಿಯ ಮಗುವಿನಂತೆ ಅಕ್ಷರ ಅಕ್ಷರ ಕೂಡಿಸಿ. ಆಗ ಅವಳು ಪಿಎಚ್‌ಡಿ ಮಾಡುತ್ತಿದ್ದಳು. ವಿಷಯ ಏನೆಂದು ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಅಂಗಡಿಯಲ್ಲಿ ಕೂರಿಸಿ, ಚಹಾ ತರಿಸಿ, ಬಿಡಿಸಿ ಬಿಡಿಸಿ ಕೇಳಿದೆ.

ಸಂಗತಿ ಇಷ್ಟು. ಮುಕ್ತ ತಂತ್ರಾಂಶ ಎಂದರೆ ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟಿಯಾಗಿ ಬಿಟ್ಟ ಸಾಫ್ಟ್‌ವೇರ್. ಕೆಟ್ಟರೆ ಜಗಳಾಡಲು ಕಂಪನಿ ಇಲ್ಲ. ಅದಕ್ಕೆ ಬದಲಾಗಿ ಅಂತರ್ಜಾಲದಲ್ಲಿ ಒಂದು ದೂರಿನ ಪಟ್ಟಿ ಇರುತ್ತದೆ. ಇಶ್ಯೂ ಟ್ರ್ಯಾಕರ್ ಎನ್ನುತ್ತಾರೆ. ಬಳಸುವವರು ತೊಂದರೆ ಬರೆಯುತ್ತಾರೆ, ಅದಕ್ಕೊಂದು ನಂಬರ್ ಬೀಳುತ್ತದೆ, ಮಾಡಿದವರು ಉತ್ತರಿಸುತ್ತಾರೆ, ಸರಿಹೋದರೆ ದೂರು ಮುಚ್ಚುತ್ತದೆ. ದೊಡ್ಡ ದೊಡ್ಡ ತಂತ್ರಾಂಶಗಳ ಪಟ್ಟಿಗಳನ್ನು ಜಗತ್ತಿನ ಪಂಡಿತರೆಲ್ಲ ಅರೆದು ಕುಡಿದಿದ್ದಾರಂತೆ. ಪ್ರಾಚಿಯ ಪ್ರಶ್ನೆ ಸಣ್ಣವುಗಳ ಬಗ್ಗೆ. ನಮ್ಮಂಥ ಭಾಷೆಗಳ ತಂತ್ರಾಂಶದಲ್ಲಿ ದೂರುಗಳು ವರ್ಷಗಟ್ಟಲೆ ತೆರೆದೇ ಬಿದ್ದಿರುತ್ತವೆ, ಯಾಕೆ? ಅವಳು ಆರಿಸಿಕೊಂಡದ್ದು ‘ಅಕ್ಷರಮಣೆ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಅದರ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ದೂರುಗಳು ತೆರೆದೇ ಇದ್ದವು. ಆ ಇಡೀ ಪಟ್ಟಿಯ ಡೇಟಾ ಕೈಗೆ ಬರಬೇಕಿತ್ತು. ಗೈಡ್ ಗಡುವು ಕೊಟ್ಟಿದ್ದರು. ಗಣಪತಿ ಮುಗಿದ ವಾರ ಸಮಿತಿ ಕೂರುತ್ತದೆ, ಅಷ್ಟರಲ್ಲಿ ಡೇಟಾ ಮೇಜಿನ ಮೇಲಿರಬೇಕು, ಇಲ್ಲವೇ ವಿಷಯ ಬದಲಿಸಬೇಕು. ಬದಲಿಸಿದರೆ ಅವಳ ಎರಡು ವರ್ಷ ನೀರಿಗೆ.

“ಮಾಮಾ, ಪತ್ರ ಬರೆದು ಕೇಳಲಾ, ಯಾ ಫಿರ್ ಪ್ರೋಗ್ರಾಮ್ ಹಚ್ಚಿ ತಗೊಳ್ಲಾ?” ಎಂದಳು.

“ಎಲ್ಲಾರಿಗೂ ಕಾಣೋ ಹಂಗ ಇಟ್ಟಾರಿಲ್ಲೋ?”

“ಹಾಂ, ಪಬ್ಲಿಕ್ ಅದ.”

“ಹಂಗಿದ್ದ ಮ್ಯಾಲ ಕೇಳೂದೇನವಾ. ಕೇಳಿದ್ರ ಮಾಲಿನ ಬೆಲೆ ಏರ್ತದ. ಒಮ್ಮಿಗೇ ಎತ್ತಿಕೊಂಡು ಬಾ.”

ನನ್ನ ವ್ಯಾಪಾರದ ಬುದ್ಧಿ ಅದು. ಗೋದಾಮು ತೆರೆದಿರುವಾಗ ಟೆಂಪೋ ತುಂಬಿಸಿಬಿಡಬೇಕು. ಅವಳು ಹಾಗೇ ಮಾಡಿದಳು. ಅವಳ ಪ್ರೋಗ್ರಾಮು ಒಂದರ ಬೆನ್ನಿಗೊಂದು ಪುಟ ಎಳೆಯತೊಡಗಿತು. ಒಂದು ತಾಸು ಕೂಡ ಆಗಿರಲಿಲ್ಲ, ಆ ಕಡೆಯ ಯಂತ್ರ ಮಲಗಿಬಿಟ್ಟಿತು. ಮರುದಿನ ಪಟ್ಟಿ ಇದ್ದ ಜಾಗದಲ್ಲಿ ಅವಳಿಗೆ ಕಂಡದ್ದು ನಾಲ್ಕು ಸಾಲು ಕನ್ನಡ. ಫೋಟೋ ತೆಗೆದು ನನಗೆ ಕಳಿಸಿದಳು. ನಾನು ಓದಿದೆ:

‘ಈ ಯಂತ್ರ ಚಿಕ್ಕದು. ನಿಧಾನವಾಗಿ ಬನ್ನಿ ಎಂದು ಬಾಗಿಲಲ್ಲೇ ಬರೆದಿದ್ದೆ. ನೀವು ಓದಲಿಲ್ಲ. ಸದ್ಯಕ್ಕೆ ನಿಮ್ಮ ಪಾಲಿಗೆ ಬಾಗಿಲು ಹಾಕಿದ್ದೇನೆ. ಅನಂತಯ್ಯ, ಸಾಂತಾಕ್ರೂಜ್.’

ಬಾಗಿಲಲ್ಲಿ ಬರೆದದ್ದೇನು ಎಂದು ಕೇಳಿದೆ. ಇಂಥ ಜಾಲತಾಣಗಳ ಬಾಗಿಲಲ್ಲಿ ಒಂದು ಸಣ್ಣ ಕಡತ ಇರುತ್ತದಂತೆ, ಬರುವ ಪ್ರೋಗ್ರಾಮುಗಳಿಗೆ ರೀತಿ ರಿವಾಜು ಹೇಳಲು. ಅವಳು ತೆರೆದೇನೋ ನೋಡಿದ್ದಳು. ಅದರಲ್ಲಿ ಇದ್ದದ್ದು ಒಂದೇ ಸಾಲು, ಅಪ್ಪಟ ಕನ್ನಡದಲ್ಲಿ: ‘ಹತ್ತು ಸೆಕೆಂಡಿಗೊಂದು ಪುಟ. ಅದಕ್ಕಿಂತ ಅವಸರ ಬೇಡ.’

“ಮೈ ಸಮ್ಝೀ ಸ್ವಾಗತ ಅಂತ ಬರದಾರ,” ಎಂದಳು ಪ್ರಾಚಿ. ಕನ್ನಡದ ದೂರುಗಳ ಮೇಲೆ ಪಿಎಚ್‌ಡಿ ಮಾಡಹೊರಟವಳು ಬಾಗಿಲ ಮೇಲಿನ ಕನ್ನಡವನ್ನು ತೋರಣ ಅಂದುಕೊಂಡಿದ್ದಳು. ಓದಬಲ್ಲ ಮಾಮಾ ಪಕ್ಕದಲ್ಲೇ ಕೂತು ಬೇಗ ಬೇಗ ಎನ್ನುತ್ತಿದ್ದ.

ತಪ್ಪು ನನ್ನದು. ಹಾಗಾಗಿ ಪರಿಚಯದ ಸಂಘದವರಿಂದ ಅನಂತಯ್ಯನವರ ವಿಳಾಸ ಪಡೆದೆ. ಜೂನ್ ಕೊನೆಯ ಒಂದು ಶನಿವಾರ ಅವಳು ಚೆಂಬೂರಿನಿಂದ ಬಸ್ಸು ಹಿಡಿದಳು, ನಾನು ಗ್ರಾಂಟ್ ರೋಡಿನಿಂದ ಸ್ಲೋ ಲೋಕಲ್ ಹಿಡಿದೆ. ಸ್ಟೇಶನ್ನಿನಲ್ಲಿ ಭೇಟಿಯಾಗಿ ಕೊಡೆಯಡಿ ನಡೆದೆವು. ದಾರಿಯಲ್ಲಿ ಅವಳಿಗೆ ಪಾಠ ಹೇಳಿಕೊಟ್ಟೆ. ನಿಮಗೂ ಹೇಳುತ್ತೇನೆ, ಕೆಲಸಕ್ಕೆ ಬಂದೀತು. ಎದುರಿನವನ ಮನೆಗೆ ಹೋದಾಗ ಮೊದಲು ಬಾಯಿ ತೆರೆಯಬಾರದು, ಕಣ್ಣು ತೆರೆಯಬೇಕು. ಅವನಿಗೆ ಏನು ಕಡಿಮೆಯಿದೆ ನೋಡಿಕೊಳ್ಳಬೇಕು. ಮಾತು ಅಲ್ಲಿಂದ ಶುರು.

ಅನಂತಯ್ಯನವರು ಎಪ್ಪತ್ತು ದಾಟಿದವರು. ಮೈಸೂರಿನ ಕಡೆಯ ಸಣ್ಣ ಮೈಯ ಮನುಷ್ಯ. ಚೆಂಬೂರಿನ ರಿಫೈನರಿಯೊಂದರಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಅಕ್ಷರಮಣೆಯನ್ನು ಬರೆದು ನಡೆಸುತ್ತಿದ್ದವರು ಅವರೇ. ಮದುವೆಯಾಗಿರಲಿಲ್ಲ. ಎರಡು ಕೋಣೆಯ ಮನೆಯ ಮೂಲೆಯಲ್ಲಿ, ಸ್ಟೂಲಿನ ಮೇಲೆ, ಒಂದು ಹಳೆಯ ಕಂಪ್ಯೂಟರು. ಅದರ ಮೇಲೆ ಬಿಚ್ಚಿದ ಕೊಡೆ. ಛಾವಣಿ ಸೋರುತ್ತಿತ್ತು.

“ಇದೇನಾ ಅದು?” ಪ್ರಾಚಿ ಪಿಸುಗುಟ್ಟಿದಳು.

“ಇದೇ ಕಣಮ್ಮ. ಪಟ್ಟಿ ಪೂರ್ತಿ ಇದರೊಳಗೇ ಇರೋದು. ಇದನ್ನೇ ನೀನು ಮಲಗಿಸಿದ್ದು,” ಎಂದರು ಅನಂತಯ್ಯ. ಸಿಟ್ಟಿರಲಿಲ್ಲ. ಕೂರಲು ಹೇಳಿ ಕಾಫಿ ತಂದರು.

ಯಂತ್ರಕ್ಕೆ ಯುಪಿಎಸ್ ಇಲ್ಲ ಎಂಬುದನ್ನು ನಾನು ಆಗಲೇ ನೋಡಿಕೊಂಡಿದ್ದೆ. “ಸರ್, ಕರೆಂಟ್ ಹೋದ್ರ ಏನ್ ಮಾಡ್ತೀರಿ? ಮುಂದಿನ ವಾರ ನಮ್ಮ ಗಲ್ಲಿಯಿಂದ ಒಂದು ಬ್ಯಾಟರಿ ತರ್ತೇನ್ರಿ. ನೀವು ನಮ್ಮ ಹುಡುಗಿಗೆ ಡೇಟಾ ಕೊಡ್ರಿ. ಲೆಕ್ಕ ಚುಕ್ತಾ.”

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ತುಟಿಯ ಮೂಲೆಯಲ್ಲಿ ನಗೆಯೋ ಏನೋ ಇತ್ತು. “ಬ್ಯಾಟರಿ ತನ್ನಿ, ಬೇಡ ಅನ್ನಲ್ಲ. ಡೇಟಾ ಬೇರೆ ವಿಷಯ.”

“ಎಲ್ಲಾರಿಗೂ ಕಾಣೋ ಹಂಗ ಇಟ್ಟಿದ್ದೇ ಅಲ್ರಿ?”

“ಕಿಟಕಿ ತೆಗೆದಿಟ್ಟಿರೋದು ಗಾಳಿಗೆ ಶೇಠ್ರೇ. ಕೈ ಹಾಕಿ ಸಾಮಾನು ತಗೊಳ್ಳಲಿ ಅಂತಲ್ಲ. ಇದರಲ್ಲಿ ಜನ ಏನೇನೆಲ್ಲ ಬರೆದಿದ್ದಾರೆ ಗೊತ್ತಾ? ಫೋನ್ ನಂಬರು, ಮಕ್ಕಳ ಹೆಸರು, ಕೆಲಸ ಹೋಗೋ ಹಾಗಿದೆ ಬೇಗ ಸರಿಮಾಡಿ ಅಂತ ಗೋಳು. ನನ್ನನ್ನ ನಂಬಿ ಬರೆದದ್ದು. ಈ ಮಗು ನಾಳೆ ಅದನ್ನೆಲ್ಲ ಲೋಕಕ್ಕೇ ಹಂಚಿಬಿಡತ್ತೆ.”

ಪ್ರಾಚಿ ಅವಸರದಿಂದ ಹೇಳಿದಳು, “ನಹೀ ಅಂಕಲ್, ಹೆಸರು ತೆಗೀತೇನೆ. ಎಲ್ಲಾರಿಗೂ ನಂಬರ್ ಕೊಡ್ತೇನೆ. ಪ್ರೋಗ್ರಾಮ್ ಅದ.”

“ಮೇಲಿನ ಹೆಸರು ತೆಗೆಯತ್ತೆ ನಿನ್ನ ಪ್ರೋಗ್ರಾಮು. ಮಾತಿನ ಒಳಗೆ ಬರೋ ಹೆಸರು? ಅದನ್ನ ಓದಿಯೇ ತೆಗೀಬೇಕು. ಒಂದೊಂದೇ. ಇಲ್ಲೇ ಕೂತು. ಹಾಗೆ ಮಾಡೋದಾದ್ರೆ ನಾನೇ ಪೂರ್ತಿ ಪ್ರತಿ ಕೊಡ್ತೀನಿ.”

ಪ್ರಾಚಿಯ ಮುಖ ಇಳಿಯಿತು. “ಅಂಕಲ್, ನನಗ ಓದಲಿಕ್ಕೆ… ಇತನಾ ಫಾಸ್ಟ್ ನಹೀ ಆತಾ.”

“ಓದಕ್ಕೆ ಬರಲ್ವಾ? ಹಾಗಾದ್ರೆ ಏನಮ್ಮ ಸಂಶೋಧನೆ ಮಾಡ್ತೀಯ?”

“ನಾನು ಟೈಮ್ ನೋಡ್ತೇನೆ. ಯಾವಾಗ ಓಪನ್ ಆಯ್ತು, ಯಾವಾಗ ಕ್ಲೋಸ್ ಆಯ್ತು…”

“ಆಸ್ಪತ್ರೆಗೆ ಯಾರು ಎಷ್ಟೊತ್ತಿಗೆ ಬಂದ್ರು, ಎಷ್ಟೊತ್ತಿಗೆ ಹೋದ್ರು ಅಂತ ಬರ್ಕೊಂಡ ಹಾಗಾಯ್ತು. ಯಾವ ರೋಗ ಅಂತ ಕೇಳೋದೇ ಬೇಡ್ವಾ?”

ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು. ಮೊದಲು ಬೆಲೆ ಹೇಳಿದವನು ಸೋತ ಎಂದು ಊರಿಗೆಲ್ಲ ಹೇಳುವವನು ನಾನು. ಆದರೂ ಬಾಯಿಂದ ಬಂದೇಬಿಟ್ಟಿತು. “ನಾ ಓದ್ತೇನ್ರಿ. ಪ್ರತಿ ಶನಿವಾರ ಬರ್ತೇವಿ.”

ಅನಂತಯ್ಯನವರು ಲೋಟ ಕೆಳಗಿಟ್ಟು, “ಓದಿ. ನಿಮ್ಮ ದನಿ ಚೆನ್ನಾಗಿದೆ. ಒಂದ್ಸಲ ಕೇಳಿದ್ರೆ ಮರೆಯೋ ದನಿ ಅಲ್ಲ,” ಎಂದರು. ಹೊಗಳಿಕೆ ಎಂದುಕೊಂಡು ಹಿಗ್ಗಿದೆ.

ಹೀಗೆ ಶುರುವಾಯಿತು. ನಾನು ಓದುವುದು, ಪ್ರಾಚಿ ಎಲ್ಲಿ ಹೆಸರು, ಊರು, ಫೋನು ಬಂತೋ ಅಲ್ಲಿ ಅಳಿಸಿ ಗುರುತು ಹಾಕುವುದು. ಎರಡು ನಿಮಿಷಕ್ಕೊಮ್ಮೆ ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು. ಆಗ ನಾನು ಬೆರಳನ್ನು ಸಾಲಿನ ಮೇಲಿಟ್ಟು ನಿಲ್ಲಿಸುತ್ತಿದ್ದೆ. ವಿಮಾನ ಹೋದ ಮೇಲೆ ಮತ್ತೆ ಅಲ್ಲಿಂದಲೇ. ಛಾವಣಿಯಿಂದ ಕೊಡೆಯ ಮೇಲೆ ಟಪ್ ಟಪ್. ಒಳಗಿನಿಂದ ಡಿಕಾಕ್ಷನ್ನಿನ ವಾಸನೆ. ಒಂದು ಶನಿವಾರ ನೀರು ತುಂಬಿ ಲೋಕಲ್ ಮಾಹಿಮಿನಲ್ಲೇ ನಿಂತಿತು. ಹಳಿಗುಂಟ ನಡೆದು, ಆಮೇಲೆ ಯಾರದೋ ಟೆಂಪೋ ಹತ್ತಿ, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಮುಟ್ಟಿದೆ. ಅನಂತಯ್ಯನವರು ಬಾಗಿಲು ತೆಗೆದು, “ಇವತ್ತು ಬಿಡಬಹುದಿತ್ತಲ್ರೀ,” ಎಂದರು. ಕೈಯಲ್ಲಿ ಮೂರು ಲೋಟದ ತಟ್ಟೆ ಆಗಲೇ ಸಿದ್ಧವಾಗಿತ್ತು.

ದೂರುಗಳೆಂದರೆ ಬರೀ ತಾಂತ್ರಿಕ ಮಾತಿರುತ್ತದೆ ಎಂದುಕೊಂಡಿದ್ದೆ. ಒಬ್ಬ ಮೇಷ್ಟ್ರು ಬರೆದಿದ್ದರು, ಪ್ರಶ್ನೆಪತ್ರಿಕೆಯಲ್ಲಿ ಅಕ್ಷರಗಳೆಲ್ಲ ಚೌಕ ಚೌಕವಾಗಿ ಬಂದು, ಮಕ್ಕಳು ಅದೇ ಪ್ರಶ್ನೆಯೆಂದು ಚೌಕಗಳ ಚಿತ್ರ ಬರೆದಿಟ್ಟು ಹೋದರು ಎಂದು. ನಾವು ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಇನ್ನೊಬ್ಬ ಹೆಣ್ಣುಮಗಳು, ಕಲ್ಲಿನಲ್ಲಿ ಕೆತ್ತಿಸಲು ತನ್ನ ಅವ್ವನ ಹೆಸರು ಟೈಪು ಮಾಡುತ್ತಿದ್ದೇನೆ, ಒಂದು ಅಕ್ಷರ ಮೂಡುತ್ತಲೇ ಇಲ್ಲ, ಕಲ್ಲಿನವನು ನಾಳೆ ಬರುತ್ತಾನೆ ಎಂದು ಬರೆದಿದ್ದಳು. ಅನಂತಯ್ಯ ಅವತ್ತೇ ಸರಿಮಾಡಿ ಉತ್ತರಿಸಿದ್ದರು. ಅವಳು ಮತ್ತೆ ಬಂದಿರಲಿಲ್ಲ. ದೂರು ತೆರೆದೇ ಇತ್ತು.

“ಸರಿ ಮಾಡಿದ್ರಿ ಅಲ್ಲಾ ಅಂಕಲ್. ಕ್ಲೋಸ್ ಯಾಕ ಮಾಡಲಿಲ್ಲ?” ಪ್ರಾಚಿ ಕೇಳಿದಳು.

“ನಮ್ಮಲ್ಲಿ ಒಂದು ನಿಯಮ ಇದೆ. ದೂರು ಕೊಟ್ಟವರೇ ಮುಚ್ಚಬೇಕು. ನಾನು ಸರಿಯಾಯ್ತು ಅಂದ್ರೆ ಆಯ್ತಾ? ನೋವಿದ್ದವರು ಹೇಳಬೇಕು, ಹೋಯ್ತು ಅಂತ.”

ಪ್ರಾಚಿ ಹಿಂದಿನ ವಾರಗಳ ದೂರುಗಳನ್ನು ಮತ್ತೆ ತೆಗೆದು ನೋಡತೊಡಗಿದಳು. ತೆರೆದಿದ್ದವುಗಳಲ್ಲಿ ಹೆಚ್ಚಿನವು ಎಂದೋ ಸರಿಹೋಗಿದ್ದವು. ಕೆಲಸವಾದವರು ತಿರುಗಿ ಬಂದು ಹೇಳಿರಲಿಲ್ಲ, ಅಷ್ಟೆ. ಹೊರಗಿನಿಂದ ಎಣಿಸಿದವರಿಗೆ ಮಾಡಿದವನು ಸೋಮಾರಿ ಎಂದು ಕಾಣುತ್ತಿತ್ತು. “ಮಾಮಾ, ನಾನೂ ಹಂಗೇ ಬರೀತಿದ್ದೆ,” ಎಂದಳು ತಗ್ಗಿದ ದನಿಯಲ್ಲಿ. “ಟೈಮ್ ನೋಡಿ, ಅಂಕಲ್ ರಿಪ್ಲೈ ಮಾಡೂದಿಲ್ಲ ಅಂತ ಬರೀತಿದ್ದೆ.” ಅವಳ ಪ್ರಬಂಧ ಅವತ್ತು ಮಗ್ಗುಲು ಬದಲಿಸಿತು. ಡೇಟಾ ಕೇಳಲು ಹೋಗುವ ಮಕ್ಕಳಿಗೆ ಇದನ್ನು ಹೇಳಿ: ಪತ್ರ ಚಿಕ್ಕದಿರಲಿ, ನೀವು ಯಾರು, ಏನು ಬೇಕು, ಯಾತಕ್ಕೆ, ಜನರ ಹೆಸರನ್ನು ಹೇಗೆ ಕಾಯುತ್ತೀರಿ, ಇಷ್ಟು ಸಾಕು. ಆಮೇಲೆ ಸಾಧ್ಯವಾದರೆ ಹೋಗಿ ಕೂತು ಒಂದು ಲೋಟ ಕಾಫಿ ಕುಡಿಯಿರಿ.

ಆಗಸ್ಟಿನಲ್ಲಿ ಅದು ಬಂತು.

ನಂಬರು ಸಾವಿರದ ನೂರಾ ಹದಿನಾಲ್ಕು. ‘ಬಿಟ್ಟಿ ಮಾಲು ಕೊಟ್ಟು ಮಂದಿ ಮಾನ ಕಳೀತೀರಿ ಏನ್ರಿ’ ಎಂದು ಓದಿದವನು ಅಲ್ಲಿಗೇ ನಿಂತೆ. ತಲೆಯ ಮೇಲೆ ವಿಮಾನವೇನೂ ಇರಲಿಲ್ಲ. ಆ ಸಾಲು ನನ್ನದು. ಹನ್ನೊಂದು ವರ್ಷದ ಹಿಂದೆ, ಅಂಗಡಿ ಹಾಕಿದ ಹೊಸದರಲ್ಲಿ, ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ತಾಕತ್ತಿಲ್ಲದೆ ಇದನ್ನು ಹಾಕಿಕೊಂಡಿದ್ದೆ. ಪರದೆಯ ಮೇಲೆ ಎಲ್ಲ ಸರಿ, ಮುದ್ರಿಸಿದರೆ ಅಕ್ಷರಗಳ ತಲೆಕಟ್ಟು ಹಾರಿಹೋಗುತ್ತಿತ್ತು. ಒಂದು ಮದುವೆ ಕಾರ್ಡಿನ ಕಟ್ಟು ಪೂರ್ತಿ ವಾಪಸ್ ಬಂದ ದಿನ ಸಿಟ್ಟಿನಲ್ಲಿ ಬರೆದದ್ದು. ಬರೆದು ಮರೆತದ್ದು.

“ಇದರಾಗ ಏನೂ ಇಲ್ಲ. ಮುಂದ ನಡಿ,” ಎಂದೆ.

“ಮಾಮಾ, ಸ್ಕಿಪ್ ಮಾಡಬ್ಯಾಡ್ರಿ. ಒಂದು ಬಿಟ್ರ ನನ್ನ ಡೇಟಾ ತಪ್ಪಾಗ್ತದ.”

“ಬಯ್ಗಳ ಅದಾವು. ನೀ ಕೇಳಬಾರ್ದು.”

“ಬಯ್ಗಳ ಭೀ ಡೇಟಾ ಹೈ ಮಾಮಾ,” ಎಂದು ನಕ್ಕು, ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಎರಡು ತಿಂಗಳ ಶನಿವಾರಗಳು ಅವಳಿಗೆ ಅಷ್ಟು ಓದು ಕಲಿಸಿದ್ದವು. ತಡವರಿಸುತ್ತ, ಒಂದೊಂದೇ ಅಕ್ಷರ ಕೂಡಿಸುತ್ತ, ನನ್ನ ಬಯ್ಗಳನ್ನು ಅನಂತಯ್ಯನವರ ಎದುರೇ ಗಟ್ಟಿಯಾಗಿ ಓದಿದಳು. ಕೊನೆಗೆ ಅಂಗಡಿಯ ಹೆಸರು ಬಂತು. ಅವಳ ದನಿ ನಿಂತಿತು.

ಅಡುಗೆಮನೆಯ ಬಾಗಿಲಲ್ಲಿ ಅನಂತಯ್ಯ ನಿಂತಿದ್ದರು. “ಕೆಳಗಿಂದೂ ಓದಮ್ಮ,” ಎಂದರು.

ಕೆಳಗೆ ಅವರ ಉತ್ತರಗಳಿದ್ದವು. ಅದೇ ಸಂಜೆ: ‘ತೊಂದರೆಯಾದದ್ದಕ್ಕೆ ಕ್ಷಮಿಸಿ. ಯಾವ ಮುದ್ರಣಯಂತ್ರ ಎಂದು ತಿಳಿಸಿದರೆ ಅನುಕೂಲ. ನಾನೂ ಮುಂಬಯಿಯಲ್ಲೇ ಇದ್ದೇನೆ, ಬಂದು ನೋಡಲೇ?’ ಎರಡು ವಾರದ ಮೇಲೆ: ‘ಯಂತ್ರ ನೋಡಿದೆ. ದೋಷ ನನ್ನದೇ. ಸರಿಪಡಿಸಿದ್ದೇನೆ. ನೋಡಿ ಹೇಳಿ.’ ಒಂದು ವರ್ಷ ಬಿಟ್ಟು: ‘ಸರಿಹೋಯಿತೇ?’

“ಯಂತ್ರ ನೋಡಿದೆ ಅಂತೀರಲ್ರಿ. ಯಾವಾಗ ನೋಡಿದ್ರಿ?” ಎಂದು ಕೇಳಿದೆ.

ಅವರು ಒಳಗೆ ಹೋಗಿ ಒಂದು ಸಣ್ಣ ಪೆಟ್ಟಿಗೆ ತಂದರು. ತುಂಬ ವಿಸಿಟಿಂಗ್ ಕಾರ್ಡು. ಹಳದಿ ತಿರುಗಿದ್ದವು. ಅನಂತಯ್ಯ ಎಂಬ ಹೆಸರಿನ ನಡುವಿನ ಅಕ್ಷರಗಳಿಗೆ ತಲೆಕಟ್ಟು ಇರಲಿಲ್ಲ.

“ಉತ್ತರ ಬರಲಿಲ್ವಲ್ಲ, ಅದಕ್ಕೆ ಗಿರಾಕಿಯಾಗಿ ಬಂದೆ. ಕಾರ್ಡು ಮಾಡಿಸೋ ನೆಪದಲ್ಲಿ ನಿಮ್ಮ ಯಂತ್ರದ ಪಕ್ಕ ಒಂದು ಗಂಟೆ ನಿಂತಿದ್ದೆ. ‘ತಲೆಕಟ್ಟು ಬಂದಿಲ್ವಲ್ರೀ’ ಅಂದೆ. ನೀವು ಏನಂದ್ರಿ ಹೇಳಿ?”

ನನಗೆ ನೆನಪಿರಲಿಲ್ಲ.

“‘ಈಗ ಇದೇ ಫ್ಯಾಶನ್ ರೀ ಸರ್’ ಅಂದ್ರಿ.”

ಪ್ರಾಚಿ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದಳು. ಅನಂತಯ್ಯನವರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನೂ ನಕ್ಕೆ. ನಗುವಾಗಲೂ ಕಿವಿ ಬಿಸಿಯಾಗಿತ್ತು. ಹನ್ನೊಂದು ವರ್ಷ ಅದೇ ತಂತ್ರಾಂಶದಲ್ಲಿ ಊರ ಮಂದಿಯ ಮದುವೆ ಮಾಡಿಸಿದ್ದೆ. ತಲೆಕಟ್ಟು ತಾನಾಗಿಯೇ ಸರಿಹೋಯಿತು ಎಂದು ತಿಳಿದಿದ್ದೆ.

“ಮೊದಲ ದಿನಾನೇ ಗೊತ್ತಾಗಿತ್ತೇನ್ರಿ, ನಾನೇ ಅಂತ?”

“ದನಿ ಕೇಳಿದ ಕೂಡಲೇ.”

“ಹೇಳಬಾರ್ದಾಗಿತ್ತೇನ್ರಿ?”

“ಹೇಳಿದ್ದರೆ ನೀವು ಓದೋಕೆ ಬರ್ತಿದ್ರಾ?” ಎಂದರು. ಆಮೇಲೆ, “ಈಗ ಮುಚ್ಚಿಬಿಡಿ ಶೇಠ್ರೇ. ನೀವೇ ಮುಚ್ಚಬೇಕು.”

ಪಾಸ್‌ವರ್ಡ್ ಮರೆತಿದೆ, ನೀವೇ ಮುಚ್ಚಿಬಿಡಿ ಎಂದೆ. ಆಗೋದಿಲ್ಲ, ನಿಯಮ ನಿಯಮ ಎಂದರು. ಬೇಕಾದರೆ ಹುಡುಕಿ ತನ್ನಿ, ಮುಚ್ಚಿದವರಿಗೆ ಪರದೆಯ ಮೇಲೆ ಒಂದು ಸಾಲು ಬರುತ್ತದೆ, ಅದನ್ನು ಬಹಳ ಯೋಚಿಸಿ ಬರೆದಿದ್ದೇನೆ ಎಂದೂ ಸೇರಿಸಿದರು.

“ಏನಂತ ಬರದೀರಿ?”

“ಮುಚ್ಚಿದವರಿಗೆ ಮಾತ್ರ.”

ಗಾಳ ಹಾಕುವುದು ನನ್ನ ಕಸುಬು ಎಂದುಕೊಂಡಿದ್ದೆ. ಅವರೇ ನನಗೆ ಹಾಕಿದ್ದರು. ಪಾಸ್‌ವರ್ಡ್ ಅದೇ ವಾರ ಹಳೆಯ ಡೈರಿಯಲ್ಲಿ ಸಿಕ್ಕಿತು. ನಾನು ಹೇಳಲಿಲ್ಲ. ದೂರು ಮುಚ್ಚದೆಯೇ ಆ ಸಾಲನ್ನು ಅವರ ಬಾಯಿಂದ ಬಿಡಿಸಬೇಕೆಂದು ಹಟ ಹುಟ್ಟಿತ್ತು. ಪ್ರತಿ ಶನಿವಾರ ಬಾಗಿಲು ತೆಗೆಯುತ್ತಲೇ ಅವರು “ಏನ್ ಶೇಠ್ರೇ, ಸಿಕ್ತಾ?” ಎನ್ನುವುದು, ನಾನು “ಮುಂದಿನ ಶನಿವಾರ ನೋಡೂಣ್ರಿ,” ಎನ್ನುವುದು. ನಿಜ ಹೇಳಬೇಕೆಂದರೆ ಒಂದು ದೂರು ತೆರೆದಿದ್ದರೆ ಹೋಗಿಬರಲು ಒಂದು ದಾರಿಯೂ ತೆರೆದಿರುತ್ತದೆ ಎಂದು ನನ್ನೊಳಗಿನ ವ್ಯಾಪಾರಿ ಲೆಕ್ಕ ಹಾಕಿದ್ದ.

ಗಣಪತಿಗೆ ನಾಲ್ಕು ದಿನ ಇರುವಾಗ ಕೊನೆಯ ದೂರು ಓದಿ ಮುಗಿಸಿದೆವು. ಅನಂತಯ್ಯನವರು ಹೆಸರುಗಳಿಲ್ಲದ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಅದಕ್ಕೆ ಕುಂಕುಮ ಹಚ್ಚಿ ಪ್ರಾಚಿಯ ಕೈಯಲ್ಲಿಟ್ಟರು. ಸಮಿತಿ ಒಪ್ಪಿತು. ಅವಳು ಫೋನಿನಲ್ಲಿ ಅತ್ತಳು, ನಕ್ಕಳು, ಮತ್ತೆ ಅತ್ತಳು. ಅಲ್ಲಿಗೆ ಶನಿವಾರಗಳು ಮುಗಿದವು. ಹೋಗಿಬರುತ್ತೇನೆ ಎಂದವನು ಹೋಗಲಿಲ್ಲ. ದೀಪಾವಳಿ ಬಂತು, ತುಳಸಿ ಲಗ್ನವಾಯಿತು, ಮದುವೆ ಕಾರ್ಡಿನ ಸೀಸನ್ ಶುರುವಾದರೆ ನಮ್ಮ ಗಲ್ಲಿಯಲ್ಲಿ ಉಸಿರಾಡಲೂ ಪುರಸೊತ್ತಿಲ್ಲ.

ಜನವರಿಯಲ್ಲಿ ಅವರೇ ಅಂಗಡಿಗೆ ಬಂದರು. ಟ್ಯಾಕ್ಸಿಯಲ್ಲಿ ಯಂತ್ರ, ಅದರ ಕೊಡೆ, ನಾನು ತಂದುಕೊಟ್ಟಿದ್ದ ಬ್ಯಾಟರಿ ಮೂರೂ ಇದ್ದವು. ಬಿಲ್ಡಿಂಗು ರಿಡೆವಲಪ್‌ಮೆಂಟಿಗೆ ಹೋಗಿತ್ತು, ಅವರು ಮೈಸೂರಿಗೆ, ತಂಗಿಯ ಮನೆಗೆ ಹೊರಟಿದ್ದರು. “ಅಲ್ಲಿ ಕರೆಂಟು ನಂಬೋ ಹಾಗಿಲ್ಲ. ನಿಮ್ಮ ಬ್ಯಾಟರಿ ಜೊತೆ ಇದೂ ನಿಮ್ಮಲ್ಲೇ ಇರಲಿ. ಮಗು ದೂರದಿಂದಲೇ ನೋಡ್ಕೊಳ್ತೀನಿ ಅಂದಿದೆ,” ಎಂದರು. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ನಾನು ಒಬ್ಬನ ಜೊತೆ ಕಾಗದದ ದರಕ್ಕೆ ಜಗ್ಗಾಡುತ್ತಿದ್ದೆ. ಅವರು ಮುದ್ರಣಯಂತ್ರದ ಪಕ್ಕ ಹೋಗಿ ನಿಂತರು. ಹನ್ನೊಂದು ವರ್ಷದ ಹಿಂದೆ ನಿಂತಂತೆ. ಹೊರಡುವಾಗ, “ಸಿಕ್ತಾ?” ಎಂದರು.

“ಮುಂದಿನ ಶನಿವಾರ ಫೋನ್ ಮಾಡ್ತೇನ್ರಿ,” ಎಂದೆ.

ಬೇಸಿಗೆಯಲ್ಲಿ ಅವರ ತಂಗಿ ಫೋನು ಮಾಡಿದರು. ಬೆಳಗಿನ ಕಾಫಿಗೆ ಎಬ್ಬಿಸಲು ಹೋದರೆ ಅನಂತಯ್ಯ ಏಳಲಿಲ್ಲವಂತೆ.

ಯಂತ್ರ ಇನ್ನೂ ನನ್ನ ಅಂಗಡಿಯ ಒಂದು ಮೂಲೆಯಲ್ಲಿದೆ. ಛಾವಣಿ ಸೋರುವುದಿಲ್ಲ, ಆದರೂ ಕೊಡೆ ಬಿಚ್ಚಿಯೇ ಇಟ್ಟಿದ್ದೇನೆ. ಪ್ರಾಚಿ ಈಗ ಪುಣೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಆಗೊಮ್ಮೆ ಈಗೊಮ್ಮೆ ಬರುವ ದೂರುಗಳಿಗೆ ಉತ್ತರಿಸುವವಳು ಅವಳೇ, ಕನ್ನಡದಲ್ಲೇ. ತಪ್ಪುಗಳಿರುತ್ತವೆ, ನಾನು ತಿದ್ದುವುದಿಲ್ಲ. ಅವಳ ಪ್ರಬಂಧದಲ್ಲಿ ನನ್ನ ಹೆಸರಿಲ್ಲ, ಒಂದು ನಂಬರು ಇದೆ. ಆ ನಂಬರಿನ ಮುಂದೆ ‘ಸರಿಪಡಿಸಲಾಗಿದೆ, ದೂರುದಾರರು ತಿಳಿಸಿಲ್ಲ’ ಎಂದಿದೆ.

ಮೊನ್ನೆ ಸಾಂತಾಕ್ರೂಜಿನಿಂದ ಒದ್ದೆಯಾಗಿ ಬಂದವನು ನೇರವಾಗಿ ಯಂತ್ರದ ಮುಂದೆ ಕೂತೆ. ಎದುರಿನವನು ಮೇಜಿನ ಮುಂದಿರುವಾಗಲೇ ವ್ಯವಹಾರ ಮುಗಿಸಿಬಿಡು ಎಂದು ಎಷ್ಟು ಜನಕ್ಕೆ ಉಪದೇಶ ಮಾಡಿದ್ದೇನೋ. ಹಳೆಯ ಪಾಸ್‌ವರ್ಡ್ ಹಾಕಿದೆ. ಸಾವಿರದ ನೂರಾ ಹದಿನಾಲ್ಕು ತೆರೆದೆ. ‘ಸರಿಹೋಗಿದೆ. ನೀವು ಬಂದು ನಿಂತ ದಿನದಿಂದಲೇ’ ಎಂದು ಬರೆದು, ಮುಚ್ಚುವ ಗುಂಡಿ ಒತ್ತಿದೆ. ಯಂತ್ರ ಅಲ್ಲೇ ಕೈಯಳತೆಯಲ್ಲಿದ್ದರೂ, ಪ್ರಾಚಿ ಮಲಗಿಸಿದ ಮೇಲೆ ಅನಂತಯ್ಯ ಅದರೊಳಗೇ ಕಟ್ಟಿಟ್ಟಿದ್ದ ನಿಯಮ ಬಿಡಲಿಲ್ಲ. ಹತ್ತು ಸೆಕೆಂಡು. ಅಷ್ಟು ಉದ್ದದ ಹತ್ತು ಸೆಕೆಂಡು ನಾನು ಕಂಡಿಲ್ಲ.

ಆಮೇಲೆ ಆ ಸಾಲು ಬಂತು.

‘ಬಂದಿರಲ್ಲ, ಸಂತೋಷ. ಇನ್ನೇನಾದರೂ ಇದ್ದರೆ ಹೇಳಿ.’

ಕೆಳಗೆ ಖಾಲಿ ಚೌಕ, ಅದರಲ್ಲಿ ಮಿಣುಕುವ ಗೀಟು. ಬಹಳ ಹೊತ್ತು ನೋಡಿದೆ. ಆಮೇಲೆ ಬರೆದೆ: ‘ಶನಿವಾರ ಬರಲೇನ್ರಿ?’

ಹೊಸ ನಂಬರು ಬಿತ್ತು. ಅರ್ಧ ತಾಸಿನಲ್ಲಿ ಪುಣೆಯಿಂದ ಫೋನು.

“ಮಾಮಾ, ಹೊಸಾ ದೂರು ನೋಡಿದೆ. ಇದು ಬಗ್ ಅಲ್ಲ ನಾ…” ಅವಳ ದನಿ ಮೆತ್ತಗಿತ್ತು. “ಕ್ಲೋಸ್ ಮಾಡಲಾ?”

“ಮುಚ್ಚಬ್ಯಾಡ. ದೂರು ಕೊಟ್ಟಾಂವ ನಾ.”

ಅಲ್ಲೂ ಮಳೆ ಬರುತ್ತಿದ್ದದ್ದು ಕೇಳಿಸುತ್ತಿತ್ತು.

“ಹಾಂ ಮಾಮಾ,” ಎಂದಳು. “ತೆರೆದೇ ಇರಲಿ.”